ಇಂಗ್ಲಿಷ್ ಬೈಬಲ್ ಕೊಳ್ಳುವ ಮುಂಚೆ ಕನ್ನಡದ ಕಿವಿಯಲ್ಲೊಮ್ಮೆ ಕೇಳಿ

ಮಂಡ್ಯದ ನಮ್ಮ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಒಬ್ಬ ಹುಡುಗನಿಗೆ ಬೈಬಲ್ಲಿನ 23ನೇ ಕೀರ್ತನೆ ಓದಿ ಅರ್ಥ ಹೇಳು ಅಂದೆ. 'ದ ಲಾರ್ಡ್ ಈಸ್ ಮೈ ಶೆಫರ್ಡ್, ಐ ಶಲ್ ನಾಟ್ ವಾಂಟ್' ಅಂತ ಚೆನ್ನಾಗಿಯೇ ಓದಿದ. ಅರ್ಥ ಹೇಳುವಾಗ ಸ್ವಲ್ಪ ತಡೆದು, 'ದೇವರು ನನ್ನ ಕುರುಬ, ನನಗೆ ಬೇಡ' ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಮೈಸೂರಿಗೆ ಬರುವಾಗ ಯೋಚಿಸಿದರೆ, ಅವನದೇನೂ ತಪ್ಪಿರಲಿಲ್ಲ. ಅವನಿಗೆ ಗೊತ್ತಿದ್ದ 'ವಾಂಟ್' ಅಂದರೆ ಬೇಕು. ಅವನು ಓದಿದ್ದು ಇಂಗ್ಲೆಂಡಿನ ರಾಜ ಜೇಮ್ಸ್ ಮಾಡಿಸಿದ 1611ರ 'ಕಿಂಗ್ ಜೇಮ್ಸ್' ಅನುವಾದ. ಆ ಕಾಲದ ಇಂಗ್ಲಿಷಿನಲ್ಲಿ ಅದೇ ಪದಕ್ಕೆ ಕೊರತೆ ಬೀಳೋದು ಅಂತ ಅರ್ಥ. ಹುಡುಗ ಬನ್ನೂರು ಕುರಿ ಸಾಕುವ ಮನೆಯವನು. ಕಾಯುವವನು ಸರಿಯಾಗಿದ್ದರೆ ಕುರಿಗೆ ಮೇವಿಗೂ ನೀರಿಗೂ ಕೊರತೆ ಇಲ್ಲ ಅನ್ನೋದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ಸಾಲು ಅವನ ಮನೆಯ ಸಾಲೇ. ಕೈಯಲ್ಲಿದ್ದ ಅನುವಾದ ಅಡ್ಡ ಬಂತು, ಅಷ್ಟೇ.

ಇಂಗ್ಲಿಷ್ ಮೇಷ್ಟ್ರು ಅಂತ ಗೊತ್ತಾದ ಮೇಲೆ ಜನ 'ಯಾವ ಇಂಗ್ಲಿಷ್ ಬೈಬಲ್ ತಗೊಳ್ಳೋದು ಸರ್' ಅಂತ ಕೇಳುತ್ತಲೇ ಇರುತ್ತಾರೆ. ಎಂ.ಎ. ಓದುವವರು ಇಂಗ್ಲಿಷ್ ಕವಿ ಮಿಲ್ಟನ್ ಅರ್ಥವಾಗಲಿ ಅಂತ ಕೇಳುತ್ತಾರೆ. ಚರ್ಚಿಗೆ ಹೋಗುವವರು ಅಮೆರಿಕದಲ್ಲಿರುವ ಮೊಮ್ಮಕ್ಕಳಿಗೆ ಕಳಿಸೋಣ ಅಂತ ಕೇಳುತ್ತಾರೆ. ಯಾವ ಧರ್ಮದವರೂ ಆಗಿರಲಿ, 'ಒಮ್ಮೆ ಓದಿ ನೋಡೋಣ' ಅಂತ ಆಸೆಪಟ್ಟು ಕೇಳುವವರೂ ಇದ್ದಾರೆ. ಎಲ್ಲರಿಗೂ ಒಂದೇ ಹೆಸರು ಹೇಳಿ ಕಳಿಸೋಕೆ ಆಗಲ್ಲ. ಆದರೆ ಆರಿಸುವ ದಾರಿ ಎಲ್ಲರಿಗೂ ಒಂದೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಇಂಗ್ಲಿಷ್ ಬೈಬಲ್ಲೇ ಅಸಲು, ಕನ್ನಡದ್ದು ಅದರ ನಕಲು ಅಂತ ಎಷ್ಟೋ ಜನರ ತಲೆಯಲ್ಲಿದೆ. ಬೈಬಲ್ಲಿನಲ್ಲಿ ಎರಡು ಭಾಗ. ಮೊದಲನೆಯದಾದ ಹಳೆಯ ಒಡಂಬಡಿಕೆಯ ಮೂಲ ಹೀಬ್ರೂ, ಅದರಲ್ಲಿ ಸ್ವಲ್ಪ ಭಾಗ ಅರಾಮಿಕ್. ಹೊಸ ಒಡಂಬಡಿಕೆಯ ಮೂಲ ಗ್ರೀಕ್. ಇಂಗ್ಲಿಷ್ ಕೂಡ ನಮ್ಮ ಹಾಗೇ ಅನುವಾದದ ಸಾಲಿನಲ್ಲಿ ನಿಂತಿರುವ ಭಾಷೆ. ಕೆಲವು ಕಡೆ ಕನ್ನಡವೇ ಮೂಲಕ್ಕೆ ಹತ್ತಿರ ಇದೆ. ಅದನ್ನು ಮುಂದೆ ತೋರಿಸುತ್ತೇನೆ.

ಹೆಜ್ಜೆ 1: ಯಾರು ಓದುತ್ತಾರೆ, ಎಲ್ಲಿ ಓದುತ್ತಾರೆ

ಅಂಗಡಿಗೆ ಹೋಗುವ ಮುಂಚೆ ಇದನ್ನು ಇತ್ಯರ್ಥ ಮಾಡಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಒಬ್ಬರೇ ಓದಿಕೊಳ್ಳೋಕೋ? ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದೋಕೋ? ಚರ್ಚಿನಲ್ಲಿ ಪಾಠ ಓದುವ ಸರದಿ ಬರುತ್ತದೆಯೋ? ಪರೀಕ್ಷೆಗೋ? ಗಟ್ಟಿಯಾಗಿ ಓದುವವರಿಗೆ ಸಾಲು ಉಸಿರಿಗೆ ಹೊಂದಬೇಕು. ಪರೀಕ್ಷೆಗೆ ಓದುವವರಿಗೆ ಪ್ರತಿ ಪದಕ್ಕೂ ಲೆಕ್ಕ ಸಿಗಬೇಕು. ಕನ್ನಡ ಮೀಡಿಯಂನಲ್ಲಿ ಓದಿ ಇಂಗ್ಲಿಷ್ ಈಗ ರೂಢಿ ಮಾಡಿಕೊಳ್ಳುತ್ತಿರುವವರಿಗೆ ಮೊದಲ ಪುಟದಲ್ಲೇ ಡಿಕ್ಷನರಿ ತೆಗೆಯುವ ಹಾಗಾಗಬಾರದು.

ಚರ್ಚಿನಲ್ಲಿ ಓದೋಕೆ ಅಂತಾದರೆ ಅರ್ಧ ಕೆಲಸ ಮುಗಿದ ಹಾಗೆ. ನಿಮ್ಮ ಚರ್ಚಿನಲ್ಲಿ ಏನು ಓದುತ್ತಾರೋ ಅದನ್ನೇ ತಗೊಳ್ಳಿ. ಸಂತ ಫಿಲೋಮಿನಾ ಚರ್ಚಿನಂಥ ಕ್ಯಾಥೋಲಿಕ್ ಚರ್ಚುಗಳಲ್ಲಿ ಇಂಗ್ಲಿಷ್ ಪೂಜೆಗೆ ಹೋಗುವವರಿಗೆ ಇಎಸ್‌ವಿ (ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್) ಅನುವಾದದ ಕ್ಯಾಥೋಲಿಕ್ ಎಡಿಷನ್ ಅನುಕೂಲ. ಇದು 2018ರಲ್ಲಿ ಮೊದಲು ಅಚ್ಚಾಗಿದ್ದು ಭಾರತದಲ್ಲೇ, ನಮ್ಮ ಬೆಂಗಳೂರಿನಲ್ಲಿ. 2020ರಿಂದ ಭಾರತದ ಇಂಗ್ಲಿಷ್ ಪೂಜೆಯ ಪಾಠಗಳೂ ಇದರಿಂದಲೇ. ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಥವಾ ಬೇರೆ ಸಭೆಯವರಾದರೆ ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರನ್ನು ಒಂದು ಮಾತು ಕೇಳಿ. ಎರಡು ನಿಮಿಷದ ಕೆಲಸ.

ಹೆಜ್ಜೆ 2: 66 ಪುಸ್ತಕವೋ, 73 ಪುಸ್ತಕವೋ

ಇದರಲ್ಲಿ ನಾನೇ ಎಡವಿದ್ದೇನೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಕ್ಯಾಥೋಲಿಕ್ ಆಂಟಿ ಇದ್ದಾರೆ. ಮೊಮ್ಮಗನ ಮದುವೆ ಗೊತ್ತಾಗಿತ್ತು. 'ಮೇಷ್ಟ್ರೇ, ಒಂದು ಒಳ್ಳೇ ಇಂಗ್ಲಿಷ್ ಬೈಬಲ್ ತರಿಸಿಕೊಡಿ, ಉಡುಗೊರೆ ಕೊಡ್ಬೇಕು' ಅಂದರು. ಚರ್ಮದ ಹೊದಿಕೆ, ಅಂಚಿಗೆ ಚಿನ್ನದ ಬಣ್ಣ, ನೋಡೋಕೆ ಭಾರಿ ಚೆಂದ ಇದ್ದಿದ್ದನ್ನ ಆನ್‌ಲೈನಿನಲ್ಲಿ ತರಿಸಿಕೊಟ್ಟೆ. ಸಂಜೆ ಆಂಟಿ ಗೇಟಿನ ಹತ್ತಿರ ಬಂದು ನಿಂತರು. 'ಇದ್ರಲ್ಲಿ ಟೋಬಿಟ್ ಎಲ್ಲಿ ಮೇಷ್ಟ್ರೇ? ಮದುವೇಲಿ ಓದೋ ಪಾಠ ಅದು.' ನಾನು ಪರಿವಿಡಿ ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ಇರಲಿಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ.

ವಿಷಯ ಇಷ್ಟು. ಪ್ರಾಟೆಸ್ಟೆಂಟ್ ಬೈಬಲ್ಲಿನಲ್ಲಿ 66 ಪುಸ್ತಕ. ಕ್ಯಾಥೋಲಿಕ್ ಬೈಬಲ್ಲಿನಲ್ಲಿ 73. ಜಾಸ್ತಿ ಇರುವ ಏಳು ಅಂದರೆ ಟೋಬಿಟ್, ಜೂಡಿತ್, ವಿಸ್ಡಮ್, ಸಿರಾಕ್, ಬರೂಕ್, ಮಕಬೀಸ್ ಒಂದು ಮತ್ತು ಎರಡು. ಎಸ್ತರ್ ಮತ್ತು ದಾನಿಯೇಲದಲ್ಲೂ ಕೆಲವು ಭಾಗ ಜಾಸ್ತಿ ಇರುತ್ತದೆ. ಹೊಸ ಒಡಂಬಡಿಕೆಯಲ್ಲಿ ಏನೂ ವ್ಯತ್ಯಾಸ ಇಲ್ಲ, ಎರಡರಲ್ಲೂ 27. ಆದ್ದರಿಂದ ಹೊದಿಕೆ ನೋಡಿ ಮಾರುಹೋಗಬೇಡಿ. ಮೊದಲು ಪರಿವಿಡಿ ತೆಗೆದು ಟೋಬಿಟ್ ಇದೆಯಾ ಅಂತ ನೋಡಿ. ಇದ್ದರೆ ಒಂದು ಥರ, ಇಲ್ಲದಿದ್ದರೆ ಇನ್ನೊಂದು ಥರ. ಕೆಲವರು ಈ ಪುಸ್ತಕಗಳನ್ನು ಎರಡು ಒಡಂಬಡಿಕೆಗಳ ನಡುವೆ ಬೇರೆ ಗುಂಪಾಗಿ ಇಟ್ಟು 'ಅಪಾಕ್ರಿಫಾ' ಅಂತ ಅಚ್ಚು ಹಾಕುತ್ತಾರೆ. 1611ರ ಕಿಂಗ್ ಜೇಮ್ಸ್‌ನಲ್ಲೂ ಹಾಗೇ ಇತ್ತು.

ಒಂದೇ ಅನುವಾದ ಎರಡು ರೂಪದಲ್ಲಿ ಸಿಗೋದೂ ಉಂಟು. ಎನ್‌ಆರ್‌ಎಸ್‌ವಿ (ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್), ಇಎಸ್‌ವಿ, ಗುಡ್ ನ್ಯೂಸ್ ಅನ್ನುವ ಮೂರು ಅನುವಾದಕ್ಕೂ ಕ್ಯಾಥೋಲಿಕ್ ಅಚ್ಚು ಬೇರೆ ಇದೆ. ಎನ್‌ಐವಿ (ನ್ಯೂ ಇಂಟರ್‌ನ್ಯಾಷನಲ್ ವರ್ಷನ್) ಅನುವಾದದಲ್ಲಿ ಆ ಏಳು ಪುಸ್ತಕ ಇಲ್ಲವೇ ಇಲ್ಲ. ನಾನು ಆಂಟಿಗೆ ತರಿಸಿಕೊಟ್ಟಿದ್ದು ಅದೇ. ಈಗ ಅದು ನನ್ನ ಮೇಜಿನ ಮೇಲಿದೆ, ಚಿನ್ನದ ಅಂಚಿನ ಸಮೇತ.

ಹೆಜ್ಜೆ 3: ಪದಕ್ಕೆ ಪದವೋ, ಭಾವಕ್ಕೆ ಭಾವವೋ

'ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ' ಅನ್ನೋದನ್ನ ಇಂಗ್ಲಿಷಿಗೆ ಮಾಡಿ ನೋಡಿ. ಪದಕ್ಕೆ ಪದ ಇಟ್ಟರೆ ಕೇಳಿದವನು ಊಟದ ವಿಷಯ ಅಂದುಕೊಳ್ಳುತ್ತಾನೆ. 'ಕ್ಷಮಿಸಿ' ಅಂತ ಮಾಡಿದರೆ ಅರ್ಥ ಬರುತ್ತದೆ, ಆದರೆ ಆ ಹೊಟ್ಟೆ ಹೋಯಿತು. ಹಿರಿಯರ ಹೊಟ್ಟೆ ದೊಡ್ಡದು, ನಮ್ಮ ತಪ್ಪು ಅಲ್ಲಿ ಕರಗಿ ಹೋಗಲಿ ಅನ್ನೋ ಆಸೆಯೂ ಅದರ ಜೊತೆಗೇ ಹೋಯಿತು. ಬೈಬಲ್ ಅನುವಾದದ ಜಗಳವೆಲ್ಲ ಹೆಚ್ಚು ಕಡಿಮೆ ಇದೇ.

ಪದಕ್ಕೆ ಪದ ಇಡುವ ಕಡೆ ವಾಲಿದವು ಕಿಂಗ್ ಜೇಮ್ಸ್, ಎನ್‌ಎಎಸ್‌ಬಿ (ನ್ಯೂ ಅಮೆರಿಕನ್ ಸ್ಟ್ಯಾಂಡರ್ಡ್ ಬೈಬಲ್), 2001ರಲ್ಲಿ ಬಂದ ಇಎಸ್‌ವಿ. ಎನ್‌ಆರ್‌ಎಸ್‌ವಿಯೂ ಬಹುಪಾಲು ಅದೇ ದಾರಿ. 1978ರಲ್ಲಿ ಪೂರ್ತಿಯಾಗಿ ಬಂದ ಎನ್‌ಐವಿ ನಡುವೆ ನಿಂತಿದೆ. ಭಾವದ ಕಡೆ ವಾಲಿದವು ಗುಡ್ ನ್ಯೂಸ್ ಮತ್ತು ಎನ್‌ಎಲ್‌ಟಿ (ನ್ಯೂ ಲಿವಿಂಗ್ ಟ್ರಾನ್ಸ್‌ಲೇಷನ್). ಇನ್ನೂ ಆ ಕಡೆ ಹೋದರೆ 'ದ ಮೆಸೇಜ್' ಸಿಗುತ್ತದೆ. ಯೂಜೀನ್ ಪೀಟರ್ಸನ್ ಅನ್ನುವ ಅಮೆರಿಕದ ಪಾದ್ರಿಯೊಬ್ಬರು ಒಬ್ಬರೇ ಕೂತು ಇವತ್ತಿನ ಆಡುಮಾತಿಗೆ ತಂದದ್ದು. ಓದೋಕೆ ಮಜವಾಗಿದೆ. ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಒಬ್ಬರ ಕಿವಿಗಿಂತ ಹತ್ತಾರು ಜನರ ಕಿವಿ ಮೇಲು. ಮೇಲೆ ಹೇಳಿದ ಬೇರೆ ಅನುವಾದಗಳ ಹಿಂದೆಲ್ಲ ಪಂಡಿತರ ಸಮಿತಿ ಕೆಲಸ ಮಾಡಿದೆ. ಕಿಂಗ್ ಜೇಮ್ಸ್‌ಗೆ ಸುಮಾರು 47 ಜನ ಕೂತಿದ್ದರು.

ಗುಡ್ ನ್ಯೂಸ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಪೂರ್ತಿ ಬೈಬಲ್ 1976ರಲ್ಲಿ ಬಂತು. ಇಂಗ್ಲಿಷ್ ಮನೆಮಾತಲ್ಲದವರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಿದ್ದು. ಅಂದರೆ ನಮ್ಮಂಥವರಿಗೆ. ಆನಿ ವಾಲಟನ್ ಅನ್ನುವವರ ಗೆರೆಚಿತ್ರಗಳು ಅಲ್ಲಲ್ಲಿ ಇವೆ, ನಾಲ್ಕು ಗೆರೆಯಲ್ಲಿ ಇಡೀ ಮನುಷ್ಯ ಬಂದುಬಿಡುತ್ತಾನೆ. ಇಂಗ್ಲಿಷ್ ಪಂಡಿತರು ಇದನ್ನು ಮಕ್ಕಳ ಪುಸ್ತಕ ಅಂತ ಮೂಗು ಮುರಿಯೋದುಂಟು. ಮುರಿಯಲಿ ಬಿಡಿ. 'ಐ ಶಲ್ ನಾಟ್ ವಾಂಟ್' ಅನ್ನೋ ಜಾಗದಲ್ಲಿ ಅದು 'ಐ ಹ್ಯಾವ್ ಎವೆರಿಥಿಂಗ್ ಐ ನೀಡ್' ಅನ್ನುತ್ತದೆ. ಎನ್‌ಐವಿ 'ಐ ಲ್ಯಾಕ್ ನಥಿಂಗ್' ಅನ್ನುತ್ತದೆ. ನಮ್ಮ ಹಳೆಯ ಕನ್ನಡ ಬೈಬಲ್ 'ಸತ್ಯವೇದ'ದಲ್ಲಿ 'ಕೊರತೆಪಡೆನು' ಅಂತ ಒಂದೇ ಪದದಲ್ಲಿ ಮುಗಿಯಿತು. ನನ್ನ ವಿದ್ಯಾರ್ಥಿಗೆ ಆ ಪದ ಹೇಳಿದ ತಕ್ಷಣ 'ಓ, ಹಂಗಾ ಸರ್' ಅಂದ.

ಹೆಜ್ಜೆ 4: ಒಂದೇ ಕಥೆಯನ್ನು ನಾಲ್ಕು ಕಡೆ ಓದಿ

ಅನುವಾದದ ಬಗ್ಗೆ ಬೇರೆಯವರು ಬರೆದದ್ದನ್ನ ಓದಿ ತೀರ್ಮಾನ ಮಾಡಬೇಡಿ, ನನ್ನದನ್ನೂ ಸೇರಿಸಿ. ಬೈಬಲ್ ಆ್ಯಪುಗಳು ಪುಕ್ಕಟೆ ಸಿಗುತ್ತವೆ. ಯೂವರ್ಷನ್‌ನಲ್ಲಿ ಕನ್ನಡವೂ ಇದೆ, ಹತ್ತಾರು ಇಂಗ್ಲಿಷ್ ಅನುವಾದಗಳೂ ಇವೆ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ಮೊದಲ 16 ವಚನ ತೆಗೆಯಿರಿ. ಮಂಡ್ಯದವರಿಗಂತೂ ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ. ಯಾಕಂದರೆ ಇದು ಕೂಲಿಯ ಕಥೆ.

ದ್ರಾಕ್ಷಿ ತೋಟದ ಯಜಮಾನ ಬೆಳಗಿನ ಜಾವ ಹೋಗಿ ಆಳು ಕರೆದು ತರುತ್ತಾನೆ. ಆಮೇಲೆ ಮತ್ತೆ ಹೋಗುತ್ತಾನೆ, ಮತ್ತೆ ಹೋಗುತ್ತಾನೆ. ಸಂಜೆ ಆಗುತ್ತಿದ್ದರೂ ಸಂತೆಯ ಜಾಗದಲ್ಲಿ ಸುಮ್ನೆ ನಿಂತಿದ್ದವರನ್ನು 'ಯಾಕ್ರಪ್ಪಾ ಇಲ್ಲೇ ನಿಂತಿದ್ದೀರಿ' ಅಂತ ಕೇಳುತ್ತಾನೆ. 'ನಮ್ಮನ್ನ ಯಾರೂ ಕರೀಲಿಲ್ಲ' ಅನ್ನುತ್ತಾರೆ. ಅವರನ್ನೂ ಕರೆದುಕೊಂಡು ಹೋಗಿ, ಕೊನೆಗೆ ಎಲ್ಲರಿಗೂ ಒಂದೇ ಕೂಲಿ ಕೊಡುತ್ತಾನೆ. ಬೆಳಗಿನಿಂದ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಕಬ್ಬು ಕಡಿಯೋಕೆ ಹೋದವರ ಮುಂದೆ ಈ ಕಥೆ ಹೇಳಿದರೆ, ಆ ಗೊಣಗಾಟ ನ್ಯಾಯ ಅನ್ನುವವರೇ ಜಾಸ್ತಿ.

ಈಗ ಎರಡು ಪದ ಹಿಡಿದು ನೋಡಿ. ಮೊದಲನೆಯದು ಕೂಲಿ. ಕಿಂಗ್ ಜೇಮ್ಸ್‌ನಲ್ಲಿ ದಿನಕ್ಕೆ ಒಂದು ಪೆನ್ನಿ. ಪೆನ್ನಿ ಅಂದರೆ ನಮಗೆ ಚಿಲ್ಲರೆ ಕಾಸು, ಯಜಮಾನ ಜಿಪುಣ ಅಂತ ಅನಿಸಿಬಿಡುತ್ತದೆ. ಇಎಸ್‌ವಿ, ಎನ್‌ಐವಿಗಳಲ್ಲಿ 'ಡಿನೇರಿಯಸ್' ಅಂತ ರೋಮನ್ ನಾಣ್ಯದ ಹೆಸರನ್ನೇ ಇಟ್ಟಿದ್ದಾರೆ. ಸರಿಯೇ, ಆದರೆ ಅದು ಎಷ್ಟು ಅಂತ ಗೊತ್ತಾಗಬೇಕಾದರೆ ಅಡಿಟಿಪ್ಪಣಿ ನೋಡಬೇಕು. 1989ರ ಎನ್‌ಆರ್‌ಎಸ್‌ವಿ 'ಮಾಮೂಲು ದಿನಗೂಲಿ' ಅನ್ನೋ ಅರ್ಥ ಬರುವ ಹಾಗೆ ಹೇಳುತ್ತದೆ. ಎನ್‌ಎಲ್‌ಟಿಯೂ ಹಾಗೇ. ಓದಿದ ತಕ್ಷಣ ಕಥೆ ನಮ್ಮೂರಿಗೆ ಬರುತ್ತದೆ.

ಎರಡನೆಯದು ಹೊತ್ತು. ಕೊನೆಗೆ ಬಂದ ಆಳುಗಳನ್ನು ಕರೆದದ್ದು 'ಇಲೆವೆಂತ್ ಅವರ್'ನಲ್ಲಿ ಅಂತ ಕಿಂಗ್ ಜೇಮ್ಸ್ ಮತ್ತು ಇಎಸ್‌ವಿ ಹೇಳುತ್ತವೆ. ನಮ್ಮ ಹುಡುಗರು ಹನ್ನೊಂದು ಗಂಟೆ ಅಂದುಕೊಳ್ಳುತ್ತಾರೆ. ಹನ್ನೊಂದಕ್ಕೆ ಬಂದವನು ಅರ್ಧ ದಿನಕ್ಕಿಂತ ಜಾಸ್ತಿ ದುಡಿದ ಹಾಗಾಯಿತು, ಆಗ ಕಥೆಯ ಬಿಸಿಯೇ ಹೋಯಿತು. ಅವರ ಲೆಕ್ಕದಲ್ಲಿ ಹಗಲು ಶುರುವಾಗೋದು ಬೆಳಗ್ಗೆ ಆರಕ್ಕೆ. ಹನ್ನೊಂದನೇ ತಾಸು ಅಂದರೆ ಸಂಜೆ ಐದು. ಎನ್‌ಐವಿ, ಎನ್‌ಆರ್‌ಎಸ್‌ವಿ, ಗುಡ್ ನ್ಯೂಸ್ ನೇರವಾಗಿ ಐದು ಗಂಟೆ ಅಂತಲೇ ಹೇಳಿವೆ. ಒಂದೇ ತಾಸು ದುಡಿದವನಿಗೂ ಇಡೀ ದಿನದ ಕೂಲಿ ಸಿಕ್ಕಿತು ಅನ್ನೋದು ಆಗ ಮುಖಕ್ಕೆ ಹೊಡೆದ ಹಾಗೆ ಗೊತ್ತಾಗುತ್ತದೆ.

ಇದರ ಜೊತೆ ಒಂದು ಕಷ್ಟದ ಸಾಲನ್ನೂ ನೋಡಿ. ರೋಮಾಪುರದವರಿಗೆ ಬರೆದ ಪತ್ರ, 3ನೇ ಅಧ್ಯಾಯ, 25ನೇ ವಚನ. ಕಿಂಗ್ ಜೇಮ್ಸ್ ಮತ್ತು ಇಎಸ್‌ವಿ ಅಲ್ಲಿ 'ಪ್ರೊಪಿಷಿಯೇಷನ್' ಅನ್ನುತ್ತವೆ, ಅಂದರೆ ದೇವರ ಕೋಪ ತಣಿಸುವುದು. ಎನ್‌ಐವಿ, ಎನ್‌ಆರ್‌ಎಸ್‌ವಿ 'ಪ್ರಾಯಶ್ಚಿತ್ತದ ಬಲಿ' ಅನ್ನೋ ಅರ್ಥದ ಮಾತು ಇಟ್ಟಿವೆ. ಗುಡ್ ನ್ಯೂಸ್ 'ಜನರ ಪಾಪ ಕ್ಷಮೆಯಾಗುವ ದಾರಿ' ಅಂತ ಬಿಡಿಸಿ ಹೇಳುತ್ತದೆ. ಕಥೆ ಓದುವಾಗ ಭಾವದ ಅನುವಾದ ಗೆಲ್ಲುತ್ತದೆ. ಇಂಥ ಜಾಗದಲ್ಲಿ ಅದು ಬಿಗಿ ಗಂಟನ್ನು ತಾನೇ ಬಿಚ್ಚಿ ಕೊಟ್ಟುಬಿಡುತ್ತದೆ, ಗಂಟು ಹೇಗಿತ್ತು ಅಂತ ನಮಗೆ ಕಾಣೋದೇ ಇಲ್ಲ. ಅದಕ್ಕೇ ನಾನು ಎರಡು ಇಟ್ಟುಕೊಳ್ಳಿ ಅನ್ನೋದು. ಒಂದು ಕೈಗೆ, ಒಂದು ಫೋನಿಗೆ.

ಹೆಜ್ಜೆ 5: ಕಿಂಗ್ ಜೇಮ್ಸ್ ಬೇಕೋ ಬೇಡವೋ

ಸಾಹಿತ್ಯ ಓದುವವರಿಗೆ ಬೇಕೇ ಬೇಕು. ಮಿಲ್ಟನ್‌ನಿಂದ ಹಿಡಿದು ಇಂಗ್ಲಿಷ್ ಬರವಣಿಗೆಯ ಕಿವಿಯಲ್ಲಿ ಮೊಳಗುತ್ತಿರುವುದು ಇದರ ಲಯವೇ. ಅದರ ಹೊಸ ಒಡಂಬಡಿಕೆಯಲ್ಲಿ ದೊಡ್ಡ ಪಾಲು ವಿಲಿಯಂ ಟಿಂಡೇಲ್ 1526ರಲ್ಲಿ ಅಚ್ಚು ಹಾಕಿಸಿದ ಅನುವಾದದಿಂದ ಬಂದದ್ದು. ಜನಸಾಮಾನ್ಯರ ಮಾತಿಗೆ ಬೈಬಲ್ ತರೋಕೆ ಹೋಗಿದ್ದಕ್ಕೆ ಅವನನ್ನು 1536ರಲ್ಲಿ ಕೊಂದು ಸುಟ್ಟರು. ಸುಟ್ಟವರ ಕಾಲ ಮುಗಿಯಿತು, ಅವನ ಸಾಲುಗಳು ಉಳಿದವು. ನಾವು ಇವತ್ತು ಓದುವ ಕಿಂಗ್ ಜೇಮ್ಸ್ 1611ರ ಅಕ್ಷರಕ್ಕೆ ಅಕ್ಷರ ಅಲ್ಲ. 1769ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಾಗುಣಿತ ತಿದ್ದಿದ ಪಾಠ.

ಉಳಿದವರು ಇದನ್ನು ಮೊದಲ ಬೈಬಲ್ ಮಾಡಿಕೊಂಡರೆ ಕಷ್ಟ. ಗೊತ್ತಿಲ್ಲದ ಪದಕ್ಕಿಂತ, ಗೊತ್ತಿದೆ ಅಂದುಕೊಂಡ ಪದಗಳೇ ಜಾಸ್ತಿ ಮೋಸ ಮಾಡುತ್ತವೆ. 'ಸಫರ್' ಅಂದರೆ ಬಿಡು, 'ಮಕ್ಕಳು ನನ್ನ ಹತ್ತಿರ ಬರೋಕೆ ಬಿಡಿ' ಅನ್ನುವಲ್ಲಿ ಬರುವುದು ಅದೇ. 'ಪ್ರಿವೆಂಟ್' ಅಂದರೆ ಮುಂಚೆ ಹೋಗು. 'ಮೀಟ್' ಅಂದರೆ ಯಾವ ಊಟವಾದರೂ ಸರಿ. 'ಕಾರ್ನ್' ಅಂದರೆ ನಮ್ಮ ಮುಸುಕಿನ ಜೋಳವಲ್ಲ, ಧಾನ್ಯ. ಶಿಷ್ಯರು ಹೊಲದಲ್ಲಿ ಜೋಳದ ತೆನೆ ಕಿತ್ತು ತಿಂದರು ಅಂತ ನಾನೇ ಒಂದು ಕಾಲದಲ್ಲಿ ನಂಬಿಕೊಂಡಿದ್ದೆ. ಲಯ ಬೇಕು, ಹಳೇ ರೂಪ ಬೇಡ ಅನ್ನುವವರಿಗೆ 1982ರ ನ್ಯೂ ಕಿಂಗ್ ಜೇಮ್ಸ್ ಇದೆ.

ಆದರೆ ಎರಡು ವಿಷಯದಲ್ಲಿ ಹಳೇ ಕಿಂಗ್ ಜೇಮ್ಸ್ ಕನ್ನಡದವರಿಗೆ ಸಲೀಸು. ಇದನ್ನು ಯಾವ ಇಂಗ್ಲಿಷ್ ಮೇಷ್ಟ್ರೂ ನನಗೆ ಹೇಳಿಕೊಟ್ಟಿರಲಿಲ್ಲ.

ಒಂದು, ನೀನು ಮತ್ತು ನೀವು. 'ದೌ, ದೀ' ಅನ್ನೋದು ದೇವರಿಗೆ ಕೊಡುವ ಮರ್ಯಾದೆಯ ಮಾತು ಅಂತ ಬಹಳ ಜನ ತಿಳಿದಿದ್ದಾರೆ. ಅದು ಬರೀ 'ನೀನು, ನಿನ್ನನ್ನು'. 'ಯೀ, ಯೂ' ಅಂದರೆ ಬಹುವಚನ. ನಮ್ಮ ದಾಸರು ದೇವರನ್ನು ನೀನು ಅಂತಲೇ ಕರೆದರು, ಅದರಲ್ಲಿ ಸಲಿಗೆ ಇತ್ತು. ಇಲ್ಲೂ ಏಕವಚನವೇ. ಈಗಿನ ಇಂಗ್ಲಿಷಿನಲ್ಲಿ ಎಲ್ಲದಕ್ಕೂ 'ಯೂ' ಒಂದೇ. ಅದರಿಂದ ಏನು ಕಳೆಯಿತು ಅಂತ ನೋಡೋಕೆ ಲೂಕನ ಸುವಾರ್ತೆ 22ನೇ ಅಧ್ಯಾಯದ 31, 32ನೇ ವಚನ ತೆಗೆಯಿರಿ. ಯೇಸು ಸೀಮೋನನಿಗೆ, ಸೈತಾನ ನಿಮ್ಮನ್ನು ಗೋಧಿ ಜರಡಿ ಹಿಡಿದ ಹಾಗೆ ಹಿಡಿಯೋಕೆ ಕೇಳಿಕೊಂಡಿದ್ದಾನೆ, ಆದರೆ ನಾನು ನಿನಗೋಸ್ಕರ ಪ್ರಾರ್ಥಿಸಿದ್ದೇನೆ ಅನ್ನುತ್ತಾನೆ. ಜರಡಿ ಹಿಡಿಯೋದು ಎಲ್ಲರನ್ನೂ, ಪ್ರಾರ್ಥನೆ ಈ ಒಬ್ಬನಿಗೆ. ಕಿಂಗ್ ಜೇಮ್ಸ್‌ನಲ್ಲಿ 'ಯೂ' ಮತ್ತು 'ದೀ' ಅಂತ ಬೇರೆ ಬೇರೆ ಇದೆ. ಕನ್ನಡದಲ್ಲಿ ನಿಮ್ಮನ್ನು, ನಿನಗೋಸ್ಕರ ಅಂದರೆ ಮುಗಿಯಿತು. 2011ರ ಎನ್‌ಐವಿ ಅದನ್ನು ತೋರಿಸೋಕೆ 'ಆಲ್ ಆಫ್ ಯೂ' ಅಂತ ಸೇರಿಸಿ, ಮುಂದೆ ಸೀಮೋನನ ಹೆಸರನ್ನು ಇನ್ನೊಂದು ಸಲ ಹೇಳಬೇಕಾಯಿತು. ಇಎಸ್‌ವಿ ಅದನ್ನು ಅಡಿಟಿಪ್ಪಣಿಗೆ ಬಿಟ್ಟಿದೆ.

ಇನ್ನೊಂದು, ಕರುಳು. ಫಿಲಿಪ್ಪಿಯವರಿಗೆ ಬರೆದ ಪತ್ರದ ಶುರುವಿನಲ್ಲೇ ಪೌಲ, ಕ್ರಿಸ್ತನ 'ಬವೆಲ್ಸ್'ನಲ್ಲಿ ನಿಮಗಾಗಿ ಹಂಬಲಿಸುತ್ತೇನೆ ಅನ್ನುತ್ತಾನೆ. ಇಂಗ್ಲಿಷಿನವರಿಗೆ ಈಗ ಆ ಪದ ಕೇಳಿದರೆ ಆಸ್ಪತ್ರೆ ನೆನಪಾಗುತ್ತದೆ. ಹೊಸ ಅನುವಾದಗಳು 'ಅಫೆಕ್ಷನ್', 'ಕಂಪ್ಯಾಷನ್' ಅಂತ ಬದಲಾಯಿಸಿವೆ. ಮೂಲ ಗ್ರೀಕ್‌ನಲ್ಲಿ ಇರೋದು ಕರುಳೇ. ಕರುಳು ಚುರುಕ್ ಅಂತು, ಕರುಳು ಕಿತ್ತು ಬಂದ ಹಾಗಾಯ್ತು ಅನ್ನುವ ನಮಗೆ ವಿವರಣೆ ಬೇಕಾ?

ಹೆಜ್ಜೆ 6: 'ವಚನ ತೆಗೆದುಹಾಕಿದ್ದಾರೆ' ಅನ್ನುವ ವಾಟ್ಸ್ಆ್ಯಪ್ ಮೆಸೇಜು

ಎನ್‌ಐವಿ ಕೊಂಡ ವಾರದೊಳಗೆ ಇದು ನಿಮಗೂ ಬರುತ್ತದೆ. ಮತ್ತಾಯ 17:21 ಎಲ್ಲಿ, ಅಪೊಸ್ತಲರ ಕೃತ್ಯಗಳು 8:37 ಎಲ್ಲಿ, ದೊಡ್ಡ ಪಿತೂರಿ ನಡೆದಿದೆ ಅಂತ. ತೆಗೆದು ನೋಡಿದರೆ ನಿಜವಾಗಿಯೂ 36 ಆದ ಮೇಲೆ 38 ಇರುತ್ತದೆ. ಗಾಬರಿಯಾಗಬೇಡಿ, ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿ, ಆ ಸಾಲು ಅಲ್ಲಿ ಇರುತ್ತದೆ.

ಆಗಿದ್ದು ಹೀಗೆ. ಕಿಂಗ್ ಜೇಮ್ಸ್‌ನವರ ಕೈಯಲ್ಲಿದ್ದ ಗ್ರೀಕ್ ಪಾಠ ಡಚ್ ಪಂಡಿತ ಎರಾಸ್ಮಸ್ 1516ರಲ್ಲಿ ಅಚ್ಚು ಹಾಕಿಸಿದ ಸಾಲಿನದ್ದು. ಅವನಿಗೆ ಸಿಕ್ಕಿದ್ದು ತಡವಾದ ಕಾಲದ ಕೆಲವೇ ಕೈಬರಹದ ಪ್ರತಿಗಳು. ಆಮೇಲೆ ನಾಲ್ಕನೇ ಶತಮಾನದ ಪ್ರತಿಗಳು ಪಂಡಿತರ ಕೈಗೆ ಸಿಕ್ಕವು. ಒಂದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಇನ್ನೊಂದು ವ್ಯಾಟಿಕನ್ನಿನಲ್ಲಿ. ಆ ಹಳೇ ಪ್ರತಿಗಳಲ್ಲಿ ಈ ಸಾಲುಗಳು ಇಲ್ಲ. ನಕಲು ಮಾಡುತ್ತಾ ಮಾಡುತ್ತಾ ಅಂಚಿನಲ್ಲಿ ಬರೆದದ್ದು ಒಳಗೆ ಸೇರಿಕೊಂಡಿರಬೇಕು ಅಂತ ಹೆಚ್ಚಿನ ಪಂಡಿತರ ಅಭಿಪ್ರಾಯ. ತಾಳೆಗರಿಯಿಂದ ಪಾಠ ಸಿದ್ಧ ಮಾಡುವ ನಮ್ಮ ಹಳಗನ್ನಡದ ಮೇಷ್ಟ್ರುಗಳಿಗೆ ಇದು ದಿನನಿತ್ಯದ ಪಾಡು. ಇನ್ನು ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ನಂಬರು ಹಾಕಿದ್ದು 1551ರಲ್ಲಿ, ಪ್ಯಾರಿಸ್ಸಿನಿಂದ ಜಿನೀವಾಕ್ಕೆ ಹೋಗಿದ್ದ ಮುದ್ರಕ ರಾಬರ್ಟ್ ಎಸ್ತಿಯೆನ್. ಸಾಲು ಕೆಳಗೆ ಹೋದರೂ ನಂಬರು ಬದಲಾಯಿಸುವ ಹಾಗಿಲ್ಲ, ಅದಕ್ಕೇ ನಡುವೆ ಖಾಲಿ ಕಾಣುತ್ತದೆ.

ಮಾರ್ಕನ ಸುವಾರ್ತೆಯ ಕೊನೆಯ 12 ವಚನ, ಯೋಹಾನನ ಸುವಾರ್ತೆಯ 8ನೇ ಅಧ್ಯಾಯದ ಶುರುವಿನಲ್ಲಿ ಜನ ಕಲ್ಲು ಹೊಡೆಯೋಕೆ ತಂದ ಹೆಂಗಸಿನ ಕಥೆ, ಇವಕ್ಕೂ ಹೊಸ ಅನುವಾದಗಳು ಆವರಣ ಹಾಕಿಯೋ ಟಿಪ್ಪಣಿ ಕೊಟ್ಟೋ ಅಚ್ಚು ಹಾಕುತ್ತವೆ. ನನ್ನ ಮಟ್ಟಿಗೆ, ಇದನ್ನು ಮುಚ್ಚಿಡದೆ ಹೇಳುವ ಪುಸ್ತಕದ ಮೇಲೆ ನಂಬಿಕೆ ಜಾಸ್ತಿ.

ಇದರ ಜೊತೆಗೇ ಇನ್ನೊಂದು. ಮನೆ ಬಾಗಿಲಿಗೆ ಬಂದು 'ಯೆಹೋವನ ಸಾಕ್ಷಿಗಳು' ಅನ್ನುವ ಪಂಗಡದವರು ಕೊಡುವ 'ನ್ಯೂ ವರ್ಲ್ಡ್' ಅನುವಾದ ಬೇರೆ. ಯೋಹಾನನ ಸುವಾರ್ತೆಯ ಮೊದಲ ವಚನದಲ್ಲಿ ಉಳಿದವರು 'ಗಾಡ್' ಅನ್ನುವ ಕಡೆ ಅದು 'ಎ ಗಾಡ್' ಅನ್ನುತ್ತದೆ. ಬೇರೆ ಸಭೆಗಳವರು ಅದನ್ನು ಒಪ್ಪೋದಿಲ್ಲ. ಓದಬೇಡಿ ಅಂತಲ್ಲ, ಯಾವುದು ಓದುತ್ತಿದ್ದೀರಿ ಅಂತ ಗೊತ್ತಿರಲಿ.

ಹೆಜ್ಜೆ 7: ಪುಸ್ತಕ ಕೈಗೆತ್ತಿಕೊಂಡು ನೋಡಿ

ನಾನು ಮೊದಲು ಕೊಂಡ ಇಂಗ್ಲಿಷ್ ಬೈಬಲ್ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು. ಅಗ್ಗ ಅಂತ ತಂದೆ. ಅಕ್ಷರ ಸಾಸಿವೆ ಕಾಳಿನಷ್ಟು. ನಲವತ್ತು ದಾಟಿದ ಮೇಲೆ ಅದನ್ನು ತೆರೆದೇ ಇಲ್ಲ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿ ಕಾಣುವ ಅಕ್ಷರ ಮನೆಯ ಮಂಚದ ಮೇಲೆ ಕಾಣಲ್ಲ. ಒಂದು ಪುಟ ಪೂರ್ತಿ ಓದಿ. ಹಿಂದಿನ ಪುಟದ ಮಸಿ ಈ ಕಡೆ ಕಾಣುತ್ತಾ ನೋಡಿ. ಮೇಜಿನ ಮೇಲೆ ಬಿಚ್ಚಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತಾ ನೋಡಿ.

ಮೊದಲ ಎರಡು ಪುಟದಲ್ಲಿ ಕಾಪಿರೈಟ್ ವರ್ಷ ಇರುತ್ತದೆ, ಅದನ್ನು ಓದಿ. ಎನ್‌ಐವಿ 1984 ಬೇರೆ, 2011 ಬೇರೆ. ಪೌಲ 'ಸಹೋದರರೇ' ಅಂತ ಸಭೆಯನ್ನು ಕರೆದ ಕಡೆ 2011ರದ್ದು ಅಕ್ಕತಂಗಿಯರನ್ನೂ ಸೇರಿಸಿಕೊಂಡಿದೆ, ಎನ್‌ಆರ್‌ಎಸ್‌ವಿಯೂ ಹಾಗೇ. ಇಎಸ್‌ವಿ 'ಬ್ರದರ್ಸ್' ಅಂತಲೇ ಇಟ್ಟು ಕೆಳಗೆ ಟಿಪ್ಪಣಿ ಕೊಡುತ್ತದೆ. ಕೇಳುತ್ತಾ ಕೂತಿದ್ದವರಲ್ಲಿ ಹೆಂಗಸರೂ ಇದ್ದರಲ್ವಾ, ನನಗೆ ಮೊದಲನೆಯದೇ ಸರಿ ಅನಿಸುತ್ತದೆ. ನಿಮಗೆ ಹಾಗನಿಸದೆ ಇರಬಹುದು.

ದಪ್ಪ ಸ್ಟಡಿ ಬೈಬಲ್ ಬೇಕಾ? ವಿಶ್ವವಿದ್ಯಾಲಯದ ಓದಿಗೆ ಎನ್‌ಆರ್‌ಎಸ್‌ವಿ ಪಾಠ ಇರುವ ಆಕ್ಸ್‌ಫರ್ಡ್‌ನ ಟಿಪ್ಪಣಿ ಸಹಿತ ಆವೃತ್ತಿ ಒಳ್ಳೇದು. ಸುಮ್ನೆ ಓದೋಕಾದರೆ ಬೇಡ. ಪುಟದ ಅರ್ಧ ಟಿಪ್ಪಣಿಯೇ ತುಂಬಿಕೊಂಡಿರುತ್ತದೆ, ಸ್ವಲ್ಪ ದಿನದಲ್ಲಿ ಮೇಲಿನದ್ದು ಬಿಟ್ಟು ಕೆಳಗಿನದ್ದೇ ಓದೋಕೆ ಶುರು ಮಾಡುತ್ತೀರಿ.

ದುಡ್ಡು ಜಾಸ್ತಿ ಹಾಕಬೇಕಾಗಿಲ್ಲ. ಬೈಬಲ್ ಸೊಸೈಟಿಯ ಅಚ್ಚುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅಚ್ಚಿನ ತಪ್ಪು ಇದೆಯಾ ಅಂತ ಹೆದರಬೇಡಿ, ಈಗ ಅಂಥದ್ದು ಅಪರೂಪ. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಕಿಂಗ್ ಜೇಮ್ಸ್‌ನಲ್ಲಿ 'ವ್ಯಭಿಚಾರ ಮಾಡಬಾರದು' ಅನ್ನುವ ಆಜ್ಞೆಯಲ್ಲಿ 'ನಾಟ್' ಬಿಟ್ಟುಹೋಗಿತ್ತು. ಮುದ್ರಕರಿಗೆ ದಂಡ ಬಿತ್ತು.

ಹೆಜ್ಜೆ 8: ಕನ್ನಡದ್ದನ್ನು ಪಕ್ಕಕ್ಕೆ ಇಟ್ಟುಕೊಳ್ಳಿ

ಕನ್ನಡಕ್ಕೆ ಪೂರ್ತಿ ಬೈಬಲ್ ಬಂದದ್ದು 1831ರ ಹೊತ್ತಿಗೆ, ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ಕೆಲಸದಿಂದ. ಅದಕ್ಕೂ ಮುಂಚೆ ನಮ್ಮ ಶ್ರೀರಂಗಪಟ್ಟಣದ ಸುತ್ತಮುತ್ತ ವರ್ಷಗಟ್ಟಲೆ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾ, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ ಆ ಕಾಲದ ದೇಶಭಾಷೆಗಳ ಬೈಬಲ್ ಅನುವಾದಗಳನ್ನು ಚೆನ್ನಾಗಿ ಬೈದಿದ್ದಾನೆ. ಅಂದರೆ 'ಯಾವ ಅನುವಾದ ಸರಿ' ಅನ್ನುವ ಜಗಳ ಈ ಕಾವೇರಿ ದಡಕ್ಕೆ ಹೊಸದೇನಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ಓದುವಾಗ ಹೆಸರುಗಳು ಗೊಂದಲ ಮಾಡುತ್ತವೆ. ಅರಣ್ಯಕಾಂಡ ಅಂದರೆ ಇಂಗ್ಲಿಷಿನಲ್ಲಿ ನಂಬರ್ಸ್. ವಿಮೋಚನಕಾಂಡ ಎಕ್ಸೋಡಸ್. ಪ್ರಸಂಗಿ ಎಕ್ಲೀಸಿಯಾಸ್ಟೀಸ್. ಯಾಕೋಬನ ಪತ್ರ ಹುಡುಕುವವರು ಜೇಕಬ್ ಅಂತ ಹುಡುಕಿದರೆ ಸಿಗಲ್ಲ, ಜೇಮ್ಸ್ ಅಂತ ನೋಡಬೇಕು. ಸತ್ಯವೇದದಲ್ಲಿ ಯೆಹೋವ, ಕ್ಯಾಥೋಲಿಕ್ ಕನ್ನಡದಲ್ಲಿ ಸರ್ವೇಶ್ವರ ಅಂತ ಇರುವ ಕಡೆ ಹೆಚ್ಚಿನ ಇಂಗ್ಲಿಷ್ ಬೈಬಲ್ಲುಗಳಲ್ಲಿ 'ಲಾರ್ಡ್' ಅಂತ ನಾಲ್ಕೂ ಅಕ್ಷರ ದೊಡ್ಡದಾಗಿ ಅಚ್ಚಾಗಿರುತ್ತದೆ. ಬರೀ ಮೊದಲಕ್ಷರ ಮಾತ್ರ ದೊಡ್ಡದಿದ್ದರೆ ಮೂಲದಲ್ಲಿ ಬೇರೆ ಪದ ಇದೆ ಅಂತ. ಹಳೇ ಕ್ಯಾಥೋಲಿಕ್ ಇಂಗ್ಲಿಷ್ ಬೈಬಲ್ ಡುವೇ-ರೀಮ್ಸ್ ಸಿಕ್ಕರೆ, ಅದರಲ್ಲಿ ಕೀರ್ತನೆಗಳ ಎಣಿಕೆ ಬೇರೆ, ಕುರುಬನ ಕೀರ್ತನೆ 22ನೆಯದು.

ಹಾಗಾದರೆ ಯಾವುದು ಅಂತ ಕೇಳಿಯೇ ಕೇಳುತ್ತೀರಿ. ಇಂಗ್ಲಿಷ್ ಈಗ ರೂಢಿಯಾಗುತ್ತಿದ್ದರೆ ಗುಡ್ ನ್ಯೂಸ್. ಸರಾಗವಾಗಿ ಓದುತ್ತೀರಾದರೆ ಎನ್‌ಐವಿ, ಕ್ಯಾಥೋಲಿಕರಾದರೆ ಇಎಸ್‌ವಿ ಕ್ಯಾಥೋಲಿಕ್ ಎಡಿಷನ್. ಕಾಲೇಜಿಗೆ ಎನ್‌ಆರ್‌ಎಸ್‌ವಿ, ಜೊತೆಗೆ ಒಂದು ಕಿಂಗ್ ಜೇಮ್ಸ್. ತಂದ ದಿನ ಮೊದಲ ಪುಟದಿಂದ ಶುರು ಮಾಡಬೇಡಿ. ಯಾಜಕಕಾಂಡದ ಬಲಿಯ ನಿಯಮಗಳ ಹತ್ತಿರ ಬಂದು ನಿಂತವರನ್ನು ನಾನು ಬಹಳ ಜನ ನೋಡಿದ್ದೇನೆ. ಮಾರ್ಕನಿಂದ ಶುರು ಮಾಡಿ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. 16 ಅಧ್ಯಾಯ, ಮೈಸೂರಿಂದ ಮಂಡ್ಯಕ್ಕೆ ಒಂದೆರಡು ಸಲ ರೈಲಿನಲ್ಲಿ ಹೋಗಿ ಬಂದರೆ ಮುಗಿಯುತ್ತದೆ. ನಮ್ಮ ಆಂಟಿ ಮೊಮ್ಮಗನಿಗೆ ಬೇರೆ ಪುಸ್ತಕ ಕೊಟ್ಟರು. ಈ ಸಲ ಪರಿವಿಡಿ ಅವರೇ ನೋಡಿದರು, ನನ್ನನ್ನು ಕೇಳಲಿಲ್ಲ.